ಸೈಟ್ ಮಾರಿ ಮಗಳಿಗೆ ಕಾಮೆಡ್‌ಕೆ ಇಂಜಿನಿಯರಿಂಗ್ ಸೀಟ್ ಕೊಡಿಸ್ಲಾ? ಡಿಗ್ರಿ ಇಲ್ದೆ ಈಗ ಯಾವ ಕೆಲಸನೂ ಇಲ್ವಾ?

ದಾವಣಗೆರೆ ಲೆಕ್ಕದವನು

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಐತೆ, ಬೇಜಾರು ಮಾಡ್ಕೊಳ್ದೆ ಓದಿ. ಮಗಳಿಗೆ ಸಿಕ್ಕಿರೋ ಸೀಟು ಒಪ್ಕೋಬೇಕಾ ಬಿಡ್ಬೇಕಾ ಅಂತ ಬುಧವಾರ ಸಂಜೆ ಒಳಗೆ ಚಾಯ್ಸ್ ಹಾಕ್ಬೇಕು, ಮನೇಲಿ ನಾಲ್ಕು ದಿನದಿಂದ ಇದೇ ಮಾತು, ಯಾರಿಗೂ ನೆಟ್ಟಗೆ ನಿದ್ದೆ ಇಲ್ಲ.

ನಾನು ದಾವಣಗೆರೇಲಿ ಒಂದು ಹೋಲ್‌ಸೇಲ್ ಬಟ್ಟೆ ಅಂಗಡಿಲಿ ಲೆಕ್ಕ ಬರೀತೀನಿ, 19 ವರ್ಷ ಆಯ್ತು. ಪಿಯುಸಿ ಆದ್ಮೇಲೆ ಟ್ಯಾಲಿ ಕಲ್ತು ಸೇರಿದ್ದು. ಕೈಗೆ 31 ಸಾವಿರ ಬರುತ್ತೆ. ಹೆಂಡ್ತಿ ಬ್ಲೌಸ್ ಹೊಲೀತಾಳೆ, ಮದುವೆ ಸೀಸನ್ನಾಗೆ ಎಂಟು ಹತ್ತು ಸಾವಿರ ಆಗುತ್ತೆ, ಆಷಾಢ ಬಂತು ಅಂದ್ರೆ ಮಷಿನ್ ಮೇಲೆ ಬಟ್ಟೆ ಮುಚ್ಚಿಡೋದೇ. ಬಾಡಿಗೆ 8 ಸಾವಿರ, ಮಗ ಒಂಬತ್ತನೇ ಕ್ಲಾಸು, ಅಮ್ಮನ ಶುಗರ್ ಬಿಪಿ ಮಾತ್ರೆ, ತಿಂಗಳಿಗೆ 5 ಸಾವಿರದ ಒಂದು ಚೀಟಿ. ಇಷ್ಟೇ ನಮ್ಮ ಸಂಸಾರ.

ಮಗಳು ಪಿಯುಸಿ ಸೈನ್ಸ್‌ನಲ್ಲಿ 91 ಪರ್ಸೆಂಟ್ ತೆಗೆದಳು, ಆದ್ರೆ ಸಿಇಟಿ ರ್‍ಯಾಂಕ್ 40 ಸಾವಿರ ದಾಟಿ ಹೋಯ್ತು. ಈಗ ಇಲ್ಲೇ ಊರಲ್ಲಿ ಗೌರ್ಮೆಂಟ್ ಕೋಟಾದಾಗೆ ಎಲೆಕ್ಟ್ರಿಕಲ್ ಸಿಕ್ಕೈತೆ. ಅತ್ಲಾಗೆ ಕಾಮೆಡ್‌ಕೆನಲ್ಲಿ (ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆ) ಬೆಂಗಳೂರಿನ ಒಂದು ಕಾಲೇಜಾಗೆ ಕಂಪ್ಯೂಟರ್ ಸೈನ್ಸ್ ಬರೋ ಹಂಗೈತೆ. ಅಲ್ಲಿ ವರ್ಷಕ್ಕೆ ಎರಡೂವರೆ ಲಕ್ಷದ ಮೇಲೆ ಫೀಸು, ಹಾಸ್ಟೆಲ್ಲು ಊಟ ಸೇರಿ ಇನ್ನೊಂದು ಲಕ್ಷ. ನಾಲ್ಕು ವರ್ಷಕ್ಕೆ 14-15 ಲಕ್ಷ. ನಮ್ಮತ್ರ ಇರೋದು 2014ರಲ್ಲಿ ಹರಿಹರ ರೋಡ್ ಕಡೆ ತಗೊಂಡ ಒಂದು 30-40 ಸೈಟು, ಅಷ್ಟೇ. ಅದು ಮಾರಿದ್ರೆ ಮುಂದೆ ಸ್ವಂತ ಮನೆ ಅನ್ನೋದು ಮರೆತುಬಿಡಬೇಕು.

ನಮ್ಮಪ್ಪ ಏಳನೇ ಕ್ಲಾಸು ಓದಿದ್ದು. ಇಲ್ಲೇ ಕಾಟನ್ ಮಿಲ್‌ನಾಗೆ ಕೆಲಸ. ಆ ಸಂಬಳದಾಗೆ ನಾವು ಆರು ಜನ ಉಂಡು, ಇಬ್ಬರು ಅಕ್ಕಂದಿರ ಮದುವೆ ಆಯ್ತು, ಚಿಕ್ಕದಾದ್ರೂ ಒಂದು ಮನೆ ಆಯ್ತು. ನಾನು ಪಿಯುಸಿ, ನಂದು ಬಾಡಿಗೆ ಮನೆ. ಹೋದ ತಿಂಗಳು ನಮ್ಮ ಅಂಗಡಿಗೆ ಬಿಲ್ಲಿಂಗ್‌ಗೆ ಅಂತ ಒಬ್ಬ ಹುಡುಗನ್ನ ತಗೊಂಡ್ರು. 14 ಸಾವಿರ ಸಂಬಳ. ಎಂ.ಕಾಂ ಮಾಡಿದಾನೆ, ಫಸ್ಟ್ ಕ್ಲಾಸು. ನಾನು ಅವನಿಗೆ ಜಿಎಸ್‌ಟಿ ಎಂಟ್ರಿ ತೋರಿಸಿಕೊಡ್ತಿದ್ದೆ, ಅವನು "ಸಾರ್ ನೀವು ಎಲ್ಲಿ ಡಿಗ್ರಿ ಮಾಡಿದ್ದು" ಅಂತ ಕೇಳ್ದ. ನಾನು ಪಿಯುಸಿ ಅಂದೆ. ಅವನೇನೂ ತಪ್ಪಾಗಿ ಕೇಳ್ಲಿಲ್ಲ, ಆದ್ರೆ ಆವತ್ತಿಂದ ನಂಗೆ ಒಂಥರಾ ಭಯ ಹಿಡ್ಕೊಂಡೈತೆ, ಈ ಅಂಗಡಿ ನಾಳೆ ಮುಚ್ಚಿದ್ರೆ 46 ವರ್ಷದ ನನ್ನನ್ನ ಯಾರು ತಗೋತಾರೆ, ಎಲ್ಲಾ ಕಡೆ "ಎನಿ ಡಿಗ್ರಿ" ಅಂತ ಬರ್ದಿರ್ತಾರೆ. ಮಗಳಿಗೆ ಹಿಂಗಾಗಬಾರ್ದು ಅನ್ನೋದೊಂದೇ ನನ್ನ ತಲೇಲಿ.

ಏನು ಮಾಡ್ಲಿ ಹೇಳಿ.

ಪೀಣ್ಯ ಫಿಟ್ಟರ್

ಅಣ್ಣ, ಸೈಟ್ ಮಾರಬೇಡಿ. ಡ್ಯೂಟಿಲಿದೀನಿ, ರಾತ್ರಿ ಬಂದು ವಿವರವಾಗಿ ಬರೀತೀನಿ. ಅಲ್ಲಿ ತನಕ ಯಾರ ಹತ್ರನೂ ಅಡ್ವಾನ್ಸ್ ತಗೋಬೇಡಿ.

ಉಡುಪಿ ರಿಟೈರ್ಡ್

ನಾನು ಬ್ಯಾಂಕಿನಲ್ಲಿ 36 ವರ್ಷ ಇದ್ದವ, ಹಾಗಾಗಿ ಲೆಕ್ಕದ್ದು ಮಾತ್ರ ಹೇಳ್ತೇನೆ. 1979ರಲ್ಲಿ ನಾನು ಸೇರುವಾಗ ಎಸ್ಸೆಸ್ಸೆಲ್ಸಿ ಮಾರ್ಕ್ ನೋಡಿ ಕ್ಲರ್ಕ್ ಕೆಲಸ ಕೊಡ್ತಿದ್ರು. ನಮ್ಮ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿದ ಬ್ಯಾಂಕುಗಳು ಎಷ್ಟೋ ಮನೆಯ ಮಕ್ಕಳಿಗೆ ಹಾಗೆಯೇ ಅನ್ನ ಕೊಟ್ಟದ್ದು, ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ. ಅದ್ರಲ್ಲಿ ಮೂರು 2019, 2020ರಲ್ಲಿ ಬೇರೆಯದರ ಜೊತೆ ಸೇರಿಯೇ ಹೋಯ್ತು. ಈಗ ಅದೇ ಕ್ಲರ್ಕ್ ಪೋಸ್ಟಿಗೆ ಡಿಗ್ರಿ ಬೇಕೇ ಬೇಕು, ಅರ್ಜಿ ಹಾಕುವವರಲ್ಲಿ ಇಂಜಿನಿಯರ್‌ಗಳೂ ಇರ್ತಾರೆ. ಕೌಂಟರಿನಲ್ಲಿ ಮಾಡುವ ಕೆಲಸ ನಾವು ಮಾಡಿದ್ದಕ್ಕಿಂತ ಸುಲಭವೇ ಆಗಿದೆ, ನಾವು ಲೆಡ್ಜರ್ ಬರೆದು ಬಡ್ಡಿ ಬಾಯಲ್ಲಿ ಲೆಕ್ಕ ಹಾಕ್ತಿದ್ದೆವು.

ಈಗ ಸಾಲದ ವಿಷಯ. 10 ಲಕ್ಷ ಎಜುಕೇಶನ್ ಲೋನ್ ತೆಗೆದ್ರಿ ಅಂತ ಇಟ್ಕೊಳ್ಳಿ, ವರ್ಷಕ್ಕೆ ಎರಡೂವರೆ ಲಕ್ಷದ ಹಾಗೆ, ಬಡ್ಡಿ 10 ಪರ್ಸೆಂಟ್. ಓದುವ ನಾಲ್ಕು ವರ್ಷ ಮತ್ತೆ ಮೇಲೊಂದು ವರ್ಷ ಕಂತು ಇಲ್ಲ ಅಂತ ಹೇಳ್ತಾರೆ. ಕಂತು ಇಲ್ಲ, ಬಡ್ಡಿ ಉಂಟು. ಸರಳ ಬಡ್ಡಿಯೇ ಹಿಡಿದ್ರೂ ಮೊದಲನೇ ವರ್ಷದ ಹಣಕ್ಕೆ ಐದು ವರ್ಷದ್ದು 1.25 ಲಕ್ಷ, ಎರಡನೆಯದಕ್ಕೆ 1 ಲಕ್ಷ, ಮೂರನೆಯದಕ್ಕೆ 75 ಸಾವಿರ, ನಾಲ್ಕನೆಯದಕ್ಕೆ 50 ಸಾವಿರ. ಒಟ್ಟು ಮೂರೂವರೆ ಲಕ್ಷ. ಕಂತು ಶುರುವಾಗುವ ದಿವಸ ನಿಮ್ಮ ಸಾಲ 10 ಅಲ್ಲ, ಹದಿಮೂರೂವರೆ ಲಕ್ಷ. ಹತ್ತು ವರ್ಷಕ್ಕೆ ಕಟ್ಟಿದ್ರೆ ತಿಂಗಳಿಗೆ ಸುಮಾರು 17,800. ಹದಿನೈದು ವರ್ಷಕ್ಕೆ ಎಳೆದ್ರೆ 14,500.

ದೊಡ್ಡ ಐಟಿ ಕಂಪನಿಗಳಲ್ಲಿ ಹೊಸದಾಗಿ ಸೇರುವವರಿಗೆ ವರ್ಷಕ್ಕೆ ಮೂರರಿಂದ ಮೂರೂವರೆ ಲಕ್ಷ ಅಂತ ನಾನು ಹತ್ತು ಹನ್ನೆರಡು ವರ್ಷದಿಂದ ಕೇಳ್ತಾ ಇದ್ದೇನೆ, ಅದು ಏರಿದ್ದು ಭಾರೀ ಕಮ್ಮಿ. ಕೈಗೆ 24 ಸಾವಿರ ಬಂತು ಅಂತ ಇಟ್ರೆ ಬೆಂಗಳೂರಿನ ಪಿಜಿಗೆ 8 ಸಾವಿರ, ಕಂತಿಗೆ 17,800, ಅಲ್ಲಿಗೆ ಸಂಬಳ ಮುಗಿದು ಕಡಿಮೆಯೇ ಬಿತ್ತು. ಸಾಲಕ್ಕೆ ನೀವೂ ಸಹಿ ಹಾಕಿರ್ತೀರಿ, ಮಗಳು ಕಟ್ಟದಿದ್ರೆ ಸಿಬಿಲ್ (ಸಾಲ ತೀರಿಸಿದ ದಾಖಲೆಯ ಅಂಕ) ಹಾಳಾಗುವುದು ನಿಮ್ಮದೂ.

ಇನ್ನೊಂದು, ಏಳೂವರೆ ಲಕ್ಷದ ತನಕ ಅಡಮಾನ ಕೇಳುವ ಹಾಗಿಲ್ಲ, ಮೇಲೆ ಹೋದ್ರೆ ಕೇಳ್ತಾರೆ. ನಿಮ್ಮ ಸೈಟಿನ ಕಾಗದ ಸರಿ ಉಂಟಾ ನೋಡಿ. ಸಾಲ ತೆಗೆದ್ರೂ ಓದುವಾಗಲೇ ಬಡ್ಡಿ ಕಟ್ತಾ ಹೋಗಿ, ಮೊದಲ ವರ್ಷ ತಿಂಗಳಿಗೆ 2,100 ಆಗ್ತದೆ, ಕೆಲವು ಬ್ಯಾಂಕ್ ಹಾಗೆ ಕಟ್ಟಿದವರಿಗೆ ಬಡ್ಡಿಯಲ್ಲಿ 1 ಪರ್ಸೆಂಟ್ ಬಿಡ್ತದೆ. ಸಿಇಟಿಯಲ್ಲಿ ಎಸ್‌ಎನ್‌ಕ್ಯೂ ಅಂತ ಉಂಟು, ವರ್ಷದ ಆದಾಯ 8 ಲಕ್ಷದ ಒಳಗಿದ್ದವರಿಗೆ 5 ಪರ್ಸೆಂಟ್ ಹೆಚ್ಚುವರಿ ಸೀಟು, ಟ್ಯೂಷನ್ ಫೀ ಇಲ್ಲ. ಅದಕ್ಕೆ ಹಾಕಿದ್ದೀರಾ?

ದಾವಣಗೆರೆ ಲೆಕ್ಕದವನು

ಸಾರ್ ತುಂಬಾ ಥ್ಯಾಂಕ್ಸ್, ಇಷ್ಟು ಬಿಡಿಸಿ ಯಾರೂ ಹೇಳಿರ್ಲಿಲ್ಲ. ನಾನೇ ಲೆಕ್ಕ ಬರೆಯೋನು, ಆದ್ರೂ ಆ ಮೂರೂವರೆ ಲಕ್ಷ ನಂಗೆ ಹೊಳೆದಿರ್ಲಿಲ್ಲ.

ಎಸ್‌ಎನ್‌ಕ್ಯೂ ಹಾಕಿಲ್ಲ. ಸೈಬರ್‌ನಾಗೆ ಅಪ್ಲಿಕೇಶನ್ ಹಾಕಿಸೋವಾಗ ಆ ಹುಡುಗ ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಕೇಳಿದ್ದ. ಹಿಂದೆ ಹೈಸ್ಕೂಲಾಗೆ ಸ್ಕಾಲರ್‌ಶಿಪ್‌ಗೆ ಅಂತ ಹೋದಾಗ ನಿಮ್ಮ ಆದಾಯ ಜಾಸ್ತಿ ಆಯ್ತು ಬರಲ್ಲ ಅಂದಿದ್ರು, ಅದೇ ತಲೇಲಿತ್ತು, ನಮಗೆ ಯಾವುದೂ ಬರಲ್ಲ ಬಿಡಪ್ಪ ಅಂದೆ. ಹಿಂದೆ ಲೈನ್‌ನಾಗೆ ಜನ ನಿಂತಿದ್ರು, ಎರಡೇ ನಿಮಿಷದಾಗೆ ಸಬ್ಮಿಟ್ ಆಯ್ತು. ರೇಷನ್ ಕಾರ್ಡಿಗೆ ನಾವು ಶ್ರೀಮಂತರು, ಕಾಲೇಜ್ ಕೌಂಟರಿಗೆ ಬಡವರು. ಮುಂದಿನ ವರ್ಷ ಮಕ್ಕಳು ಸಿಇಟಿ ಬರೆಯೋರು ಯಾರಾದ್ರೂ ಇದನ್ನ ಓದ್ತಿದ್ರೆ ದಯವಿಟ್ಟು ಈಗ್ಲೇ ನಾಡಕಚೇರಿಗೆ ಹೋಗಿ ಆದಾಯ ಪ್ರಮಾಣಪತ್ರ ಮಾಡಿಸಿಟ್ಕೊಳ್ಳಿ.

ಹುಬ್ಬಳ್ಳಿ 2023 ಬ್ಯಾಚ್

ಕಾಕಾ, ನಾನು ಹುಬ್ಬಳ್ಳಿಯಾಂವ, 2023ರಾಗ ಮೆಕ್ಯಾನಿಕಲ್ ಬಿಇ ಮುಗಿಸೇನಿ. ನಿಮ್ಮ ಮಗಳ ಜಾಗಾದಾಗ ಆರೇಳು ವರ್ಷದ ಹಿಂದ ನಾನ ಇದ್ದೆ, ಅದಕ್ಕ ಬರೀಲಿಕ್ಕತ್ತೇನಿ.

ನಮ್ಮಪ್ಪ ಒಂದು ಪ್ರೈವೇಟ್ ಸಾಲ್ಯಾಗ ಕ್ಲರ್ಕ್. 6 ಲಕ್ಷ ಸಾಲ ತಗದ ಓದಿದೆ. ಕ್ಯಾಂಪಸ್‌ನ್ಯಾಗ ಒಂದು ಐಟಿ ಕಂಪನಿ ಆಫರ್ ಲೆಟರ್ ಕೊಡ್ತು. ಅವ್ವ ಆ ಲೆಟರ್ ಪ್ರಿಂಟ್ ತಗಸಿ ದೇವರ ಜಗಲಿ ಮ್ಯಾಲ ಇಟ್ಟು ಕುಂಕುಮ ಹಚ್ಚಿದ್ಳು. ಓಣ್ಯಾಗ ಎಲ್ಲಾರಿಗೂ ಫೇಡೆ ಹಂಚಿದ್ವಿ. ಆಮ್ಯಾಲ ಜಾಯ್ನಿಂಗ್ ಡೇಟ್ ಬರ್ಲೇ ಇಲ್ಲ. ಇವತ್ತು ಬರ್ತೈತಿ ನಾಳೆ ಬರ್ತೈತಿ ಅಂತ ದಿನಾ ಮುಂಜಾನೆ ಎದ್ದು ಮೇಲ್ ನೋಡೂದು, 14 ತಿಂಗಳ ಹಿಂಗ ಹೋತು, ಕಡೀಕ ಇನ್ನೊಂದು ಟೆಸ್ಟ್ ಬರೀರಿ ಅಂದ್ರು, ಅದರಾಗ ನಮ್ಮ ಬ್ಯಾಚಿನವರನ್ನ ಭಾಳ ಮಂದೀನ್ನ ತಗದ್ರು, ನನ್ನೂ ತಗದ್ರು.

ಅಷ್ಟೊತ್ತಿಗೆ ಸಾಲದ ಕಂತು ಚಾಲೂ ಆಗಿತ್ತು. ಬ್ಯಾಂಕಿನಿಂದ ಫೋನ್ ಅಪ್ಪಗ ಬರ್ತಿತ್ತು, ನನಗಲ್ಲ. ಆಫೀಸಿನ್ಯಾಗ ಹೆಡ್ ಮಾಸ್ತರ್ ಮುಂದ ಮಾತಾಡಾಕ ಆಗೂದಿಲ್ಲ ಅಂತ ಅವರು ಫೋನ್ ಹಿಡಕೊಂಡು ಗ್ರೌಂಡಿಗೆ ಹೋಗಿ, ಬೇವಿನ ಗಿಡದ ಬುಡಕ ನಿಂತು ಮಾತಾಡ್ತಿದ್ರಂತ. ಇದನ್ನ ಅಪ್ಪ ನನಗ ಹೇಳ್ಲಿಲ್ಲ, ಅದೇ ಸಾಲ್ಯಾಗ ಓದೂ ನಮ್ಮ ಚಿಗವ್ವನ ಮಗ ಹೇಳಿದ.

ಕೆಲಸ ಇಲ್ಲದವರಿಗೆ ಸರ್ಕಾರ ಕೊಡೂ ಯುವನಿಧಿ ಬಂತು, ನಮ್ಮ ವರ್ಷದವರಿಗೇ ಮೊದಲ ಚಾಲೂ ಮಾಡಿದ್ದು, 2024ರ ಜನವರಿಯೊಳಗ. ಡಿಗ್ರಿ ಆದವರಿಗೆ ತಿಂಗಳಿಗೆ 3 ಸಾವಿರ, ಡಿಪ್ಲೊಮಾಕ್ಕ 1,500. ಸುಳ್ಳ ಯಾಕ ಹೇಳಲಿ, ಆ 3 ಸಾವಿರದಾಗ ಬೆಂಗಳೂರಿಗೆ ಇಂಟರ್ವ್ಯೂಕ್ಕ ಹೋಗಿ ಬಂದೇನಿ, ನನಗ ಅದು ದೊಡ್ಡ ಆಸರ ಆಗಿತ್ತು. ಒಂದ್ಸಲ ವೈಟ್‌ಫೀಲ್ಡ್ ಕಡೆ ವಾಕ್-ಇನ್ ಅಂತ ಮುಂಜಾನೆ ಏಳಕ್ಕ ಹೋದ್ರ ಆಗ್ಲೇ ಫೈಲ್ ಹಿಡಕೊಂಡು ಗೇಟಿನಿಂದ ಮೇನ್ ರೋಡಿನ ಮಟ ಮಂದಿ. ನನ್ನ ಮುಂದ ನಿಂತಾಂವ ಎಂ.ಟೆಕ್. ಕೆಲಸ ಏನಪಾ ಅಂದ್ರ ಚಾಟ್ ಸಪೋರ್ಟ್.

ಈಗ ಅಂಥಾದ್ದ ಒಂದು ಕೆಲಸದಾಗ ಅದೇನಿ. 21 ಸಾವಿರ. ಇಂಜಿನಿಯರಿಂಗಿನ್ಯಾಗ ಕಲ್ತ ಒಂದು ಅಕ್ಷರ ಇಲ್ಲಿ ಬೇಕಾಗೂದಿಲ್ಲ, ಆದ್ರ ಡಿಗ್ರಿ ಇಲ್ಲಂದ್ರ ಆ ಗೇಟಿನೊಳಗ ಬಿಡೂದೇ ಇಲ್ಲ.

ಹಾಸನದ ಅಕ್ಕ

ಎಲ್ಲಾ ಓದ್ದೆ. ಒಂದು ಮಾತು ಹೇಳ್ತೀನಿ, ಯಾರೂ ತಪ್ಪು ತಿಳ್ಕೋಬೇಡಿ. ಡಿಗ್ರಿಯಿಂದ ಏನೂ ಆಗಲ್ಲ ಅಂತ ಹೇಳೋರು ಎಲ್ರತ್ರನೂ ಡಿಗ್ರಿ ಇರುತ್ತೆ.

ನಾನು ಪಿಯುಸಿಗೆ ನಿಲ್ಸಿದೋಳು. ಮದುವೆ ಮಾಡಿಬಿಟ್ರು. ಯಜಮಾನ್ರು ತೀರ್ಕೊಂಡ್ಮೇಲೆ ಗಾರ್ಮೆಂಟ್ಸ್‌ಗೆ ಸೇರಿದೆ, 11 ವರ್ಷ ಆಯ್ತು. ಹೆಲ್ಪರ್ ಆಗಿ ಸೇರಿ, ಟೈಲರ್ ಆಗಿ, ಈಗ ಚೆಕ್ಕಿಂಗ್‌ನಲ್ಲಿದೀನಿ. ಒಂದು ಲೈನ್‌ನಲ್ಲಿ ಯಾವ ಮಷಿನ್ ಯಾರಿಗೆ ಕೊಟ್ರೆ ಗಂಟೆಗೆ ಎಷ್ಟು ಪೀಸ್ ಬರುತ್ತೆ, ಯಾರಿಗೆ ಕಾಲರ್ ಕೊಡ್ಬೇಕು, ಯಾರಿಗೆ ಕಫ್ ಕೊಡ್ಬೇಕು, ಎಲ್ಲಾ ನಂಗೆ ಗೊತ್ತು. ಎರಡು ಸಲ ಸೂಪರ್‌ವೈಸರ್ ಪೋಸ್ಟ್ ಖಾಲಿ ಆಯ್ತು, ಎರಡು ಸಲನೂ ನನ್ನ ಹೆಸರು ಫ್ಲೋರ್‌ನವರು ಹೇಳಿದ್ರು, ಎರಡು ಸಲನೂ ಡಿಗ್ರಿ ಇಲ್ಲ ಅಂತ ಮೇಲಿಂದ ವಾಪಸ್ ಬಂತು. ಈಗ ಬಂದಿರೋ ಹುಡುಗಿಗೆ 23 ವರ್ಷ, ಒಳ್ಳೆ ಮಗು, ದಿನಾ ಬಂದು "ಅಕ್ಕ ಇವತ್ತು ಲೈನ್ ಹೆಂಗೆ ಕೂರಿಸ್ಲಿ" ಅಂತ ನನ್ನೇ ಕೇಳ್ತಾಳೆ. ನಾನೇ ಹೇಳ್ಕೊಡ್ತೀನಿ. ಅವಳ ಸಂಬಳ ನನ್ನ ಸಂಬಳದ ಡಬಲ್.

ಅದಕ್ಕೆ ಹೇಳ್ತೀನಿ ಅಣ್ಣ, ಹೆಣ್ಣುಮಗುಗೆ ಓದಿಸೋದು ಬೇಡ ಅನ್ನೋ ಮಾತು ಈ ಚರ್ಚೇಲಿ ಯಾವ ಕಡೆಯಿಂದನೂ ಬರ್ಬಾರ್ದು. ಗಂಡು ಹುಡುಗ ಡಿಗ್ರಿ ಇಲ್ದಿದ್ರೂ ಕಾರ್ ಓಡಿಸ್ತಾನೆ, ಡೆಲಿವರಿ ಮಾಡ್ತಾನೆ, ರಾತ್ರಿ ಎಷ್ಟೊತ್ತಿಗಾದ್ರೂ ಬರ್ತಾನೆ. ನಮಗೆ ಬಾಗಿಲು ಕಮ್ಮಿ. ಸೈಟ್ ಮಾರ್ಬೇಕೋ ಬೇಡ್ವೋ ನಂಗೆ ಗೊತ್ತಿಲ್ಲ, ಆದ್ರೆ ಅವಳ ಹೆಸರಿನ ಮುಂದೆ ಬಿಇ ಅಂತ ಬರ್ಲೇಬೇಕು, ಅದು ಬೆಂಗಳೂರಲ್ಲೇ ಬರ್ಬೇಕು ಅಂತೇನಿಲ್ಲ. ನಾನೂ ಈಗ ಮುಕ್ತ ವಿವಿಯಲ್ಲಿ ಬಿಎ ಕಟ್ಟಿದೀನಿ, ಎರಡನೇ ವರ್ಷ. ಭಾನುವಾರ ಓದ್ತೀನಿ.

ಪೀಣ್ಯ ಫಿಟ್ಟರ್

ಅಕ್ಕ ಬರ್ದಿದ್ದು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಯಾಕಂದ್ರೆ ಆ "ಡಿಗ್ರಿ ಇಲ್ಲ ಅಂತ ವಾಪಸ್" ಕಳಿಸೋ ಕಡೆ ಕೂತಿರೋನು ನಾನು.

ನಾನು 1994ರಲ್ಲಿ ಐಟಿಐ ಫಿಟ್ಟರ್ ಮಾಡಿ ಪೀಣ್ಯಕ್ಕೆ ಬಂದೋನು. ನಮ್ಮ ಮಾವ ಜಾಲಹಳ್ಳಿ ಎಚ್‌ಎಂಟಿಲಿ ಇದ್ರು, ಎಸ್ಸೆಸ್ಸೆಲ್ಸಿ ಪಾಸ್, ಅಪ್ರೆಂಟಿಸ್ ಆಗಿ ಸೇರಿ ಒಳಗೇ ಕಲ್ತು ಇನ್‌ಸ್ಪೆಕ್ಷನ್ ತನಕ ಹೋದ್ರು. ಕ್ವಾರ್ಟರ್ಸು, ಕ್ಯಾಂಟೀನು, ಆಸ್ಪತ್ರೆ, ಮಕ್ಕಳಿಗೆ ಸ್ಕೂಲು, ಎಲ್ಲಾ ಕಂಪನಿದೇ. ಕೆಲಸ ಕಲಿಸೋ ಖರ್ಚು ಕಂಪನಿ ಹಾಕ್ತಿತ್ತು, ಅದು ಮುಖ್ಯ. ವಾಚ್ ಫ್ಯಾಕ್ಟರಿ ಮುಚ್ಚೋಕೆ 2016ರಲ್ಲಿ ಕೇಂದ್ರ ಒಪ್ಪಿಗೆ ಕೊಡ್ತು, ಬೆಂಗಳೂರಿನ ಇನ್ನೊಂದು ಸರ್ಕಾರಿ ಫ್ಯಾಕ್ಟರಿ ಎನ್‌ಜಿಇಎಫ್ ಅದಕ್ಕಿಂತ ಎಷ್ಟೋ ಮುಂಚೆನೇ ಹೋಗಿತ್ತು. ಅಂಥ ಕಡೆ ಎಸ್ಸೆಸ್ಸೆಲ್ಸಿ ಹುಡುಗ ಒಳಗೆ ಹೋಗಿ ಮೂವತ್ತು ವರ್ಷಕ್ಕೆ ಮಧ್ಯಮ ವರ್ಗದೋನಾಗಿ ಹೊರಗೆ ಬರ್ತಿದ್ದ. ಆ ಬಾಗಿಲು ಈಗ ಇಲ್ಲ.

ಈಗ ನಾನು ಒಂದು ಸಣ್ಣ ಮಷಿನ್ ಶಾಪ್‌ನಲ್ಲಿ ಪ್ರೊಡಕ್ಷನ್ ನೋಡ್ಕೋತೀನಿ, 60 ಜನ ಇದೀವಿ. ಹೋದ ವರ್ಷ ಕ್ವಾಲಿಟಿಗೆ ಒಬ್ರು ಬೇಕಿತ್ತು. ವರ್ನಿಯರ್, ಮೈಕ್ರೋಮೀಟರ್ ಅಂತ ಅಳತೆ ಸಾಧನ ಹಿಡಿಯೋಕೆ ಬರ್ಬೇಕು, ಡ್ರಾಯಿಂಗ್ ಓದಬೇಕು, ರಿಪೋರ್ಟ್ ಟೈಪ್ ಮಾಡ್ಬೇಕು. ಡಿಪ್ಲೊಮಾ ಸಾಕು, ಐಟಿಐ ಆದ್ರೂ ಆರು ತಿಂಗಳಲ್ಲಿ ಕಲೀತಾನೆ. ಡಿಪ್ಲೊಮಾ ಅಂತ ಆನ್‌ಲೈನಲ್ಲಿ ಹಾಕಿದ್ವಿ, ಮೂರು ದಿನಕ್ಕೆ 300 ಚಿಲ್ಲರೆ ರೆಸ್ಯೂಮ್ ಬಂತು. ಯಾರು ಕೂತು ನೋಡೋರು? ಓನರ್ "ಬಿಇ ಮಾತ್ರ ಅಂತ ಫಿಲ್ಟರ್ ಹಾಕಪ್ಪ" ಅಂದ್ರು, ನಾನೇ ಹಾಕ್ದೆ. 90ಕ್ಕೆ ಬಂತು. ಸಂಬಳ ಡಿಪ್ಲೊಮಾದವನಿಗೆ ಇಟ್ಟಿದ್ದೇ, 18 ಸಾವಿರ. ಅದಕ್ಕೂ ಬಿಇ ಹುಡುಗ್ರು ಬಂದ್ರು. ಒಬ್ಬನ್ನ ತಗೊಂಡ್ವಿ. ಅವನಿಗೂ ಮೈಕ್ರೋಮೀಟರ್ ನಾವೇ ಕಲಿಸಿದ್ವಿ.

ನೋಡಿ ಏನಾಯ್ತು ಅಂತ. ಕೆಲಸಕ್ಕೆ ಬಿಇ ಬೇಕಿರ್ಲಿಲ್ಲ, ನನ್ನ ಟೈಮ್ ಉಳಿಸೋಕೆ ಬೇಕಿತ್ತು. ನನ್ನ ಅರ್ಧ ದಿನ ಉಳಿಸೋಕೆ ಅವರಪ್ಪ ಯಾರೋ ಊರಲ್ಲಿ ಆರೇಳು ಲಕ್ಷ ಖರ್ಚು ಮಾಡಿದಾರೆ. ಫಿಲ್ಟರ್‌ನಲ್ಲಿ ಹಾರಿಹೋದ 200 ಜನರಲ್ಲಿ ನಮ್ಮ ಶಾಪಿಗೆ ಬೇಕಾಗಿದ್ದ ಹುಡುಗ ಖಂಡಿತ ಇದ್ದ. ಒಂದು ಕಂಪನಿ ಹಿಂಗೆ ಮಾಡಿದ್ರೆ ಪರವಾಗಿಲ್ಲ, ಪೀಣ್ಯದಲ್ಲಿ ಎಲ್ರೂ ಹಿಂಗೇ ಮಾಡ್ತಾ ಹೋದ್ರೆ ಡಿಪ್ಲೊಮಾ ಹುಡುಗ ಏನು ಮಾಡ್ತಾನೆ, ಡಿಸೆಟ್ (ಡಿಪ್ಲೊಮಾದವರ ಸಿಇಟಿ) ಬರ್ದು ಎರಡನೇ ವರ್ಷ ಬಿಇಗೆ ಸೇರ್ತಾನೆ. ಬಿಇ ಅವನು ಎಂ.ಟೆಕ್‌ಗೆ ಹೋಗ್ತಾನೆ. ಕೆಲಸ ಅದೇ ಮೈಕ್ರೋಮೀಟರ್.

ಇದನ್ನ ಬರೆಯೋಕೆ ಕಷ್ಟ ಆಗ್ತಿದೆ, ಆದ್ರೆ ಬರೀಲೇಬೇಕು ಅನ್ನಿಸ್ತು. ನಾಳೆ ಓನರ್ ಹತ್ರ ಮಾತಾಡ್ತೀನಿ, ಮುಂದಿನ ಸಲ ರೆಸ್ಯೂಮ್ ಬಿಟ್ಟು ಒಂದು ಡ್ರಾಯಿಂಗ್ ಕೈಗೆ ಕೊಟ್ಟು ಓದ್ಸೋಣ ಅಂತ.

ಅಣ್ಣಾವ್ರೆ, ನಿಮ್ಮ ಮಗನಿಗೆ ಒಂದು ಮಾತು. ಎಸ್ಸೆಸ್ಸೆಲ್ಸಿ ಆದ್ಮೇಲೆ ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ನೋಡಿ, ಟೂಲ್ ಅಂಡ್ ಡೈ ಡಿಪ್ಲೊಮಾ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ಸಹಾಯದಲ್ಲಿ ಶುರುವಾಗಿದ್ದು, ಹುಡುಗ್ರು ಮಷಿನ್ ಮೇಲೆ ನಿಂತು ಕಲೀತಾರೆ. ಅಲ್ಲಿಂದ ಬಂದೋರನ್ನ ಮಾತ್ರ ನಾವು ಫಿಲ್ಟರ್ ಇಲ್ದೆ ತಗೋತೀವಿ.

ಕೋಲಾರ ಅತಿಥಿ ಉಪನ್ಯಾಸಕ

ಪೀಣ್ಯದವರು ಹೇಳಿದ್ದು ಕಾರ್ಖಾನೆಗೆ ಮಾತ್ರ ಅಲ್ಲ. ನಾನು ಎಂಎ, ಬಿಎಡ್, ಕೆಸೆಟ್ (ರಾಜ್ಯದ ಉಪನ್ಯಾಸಕರ ಅರ್ಹತಾ ಪರೀಕ್ಷೆ). 13 ವರ್ಷದಿಂದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಲ್ಲಿ ಅತಿಥಿ. ನಮ್ಮ ದೊಡ್ಡಪ್ಪ ಪಿಯುಸಿ ಮಟ್ಟದ ಶಿಕ್ಷಕರ ತರಬೇತಿ ಟಿಸಿಎಚ್ ಮಾಡಿ ಮೇಷ್ಟ್ರಾದೋರು, ಅದರಲ್ಲೇ ರಿಟೈರ್ ಆದ್ರು. ಈಗ ಆರರಿಂದ ಎಂಟನೇ ಕ್ಲಾಸಿಗೆ ಪಾಠ ಮಾಡೋಕೆ ಡಿಗ್ರಿ, ಬಿಎಡ್, ಟಿಇಟಿ ಅಂತ ಅರ್ಹತಾ ಪರೀಕ್ಷೆ, ಅದರ ಮೇಲೆ ನೇಮಕಾತಿಯ ಸಿಇಟಿ. ಕಾಲೇಜಿಗೆ ನೆಟ್ ಅಥವಾ ಕೆಸೆಟ್ ಅಥವಾ ಪಿಎಚ್‌ಡಿ ಬೇಕು. ಎಲ್ಲಾ ಇದ್ರೂ ಕಾಯಂ ಇಲ್ಲ. ಬೇಸಿಗೆ ರಜೆ ಬಂದ್ರೆ ಸಂಬಳ ಇಲ್ಲ, ನಮ್ಮಲ್ಲಿ ಕೆಲವರು ಆ ಎರಡು ತಿಂಗಳು ಮಾವಿನ ಮಂಡಿಲಿ ಲೆಕ್ಕ ಬರೀತಾರೆ.

ನನ್ನ ಕ್ಲಾಸಲ್ಲಿ ಕೂತಿರೋ ಮಕ್ಕಳ ಮುಖ ನೋಡಿದ್ರೆ ನಂಗೆ ಸಂಕಟ. 2021ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಅಂತ ನಾಲ್ಕು ವರ್ಷದ ಡಿಗ್ರಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ವಾಪಸ್. ನಡುವೆ ಸೇರಿದೋರು "ಸಾರ್ ನಾಲ್ಕನೇ ವರ್ಷ ಓದಿದ್ರೆ ಕೆಲಸಕ್ಕೆ ಉಪಯೋಗ ಆಗುತ್ತಾ" ಅಂತ ಕೇಳಿದ್ರೆ ಏನು ಹೇಳ್ಲಿ. ಮನೇಲಿ ಒಂದು ವರ್ಷ ಜಾಸ್ತಿ ಓದ್ಸೋದು ಅಂದ್ರೆ ಒಂದು ವರ್ಷದ ದುಡಿಮೆ ಬಿಡೋದು.

ಅಜೀಂ ಪ್ರೇಮ್‌ಜಿ ಯೂನಿವರ್ಸಿಟಿಯವರು 2023ರಲ್ಲಿ ಒಂದು ವರದಿ ತಂದಿದ್ರು. ದೇಶದಲ್ಲಿ 25 ವರ್ಷದೊಳಗಿನ ಪದವೀಧರರಲ್ಲಿ ನಿರುದ್ಯೋಗ 42 ಪರ್ಸೆಂಟ್ ಮೇಲೆ. ಅದೇ 35 ದಾಟಿದ ಪದವೀಧರರಲ್ಲಿ 5 ಪರ್ಸೆಂಟಿಗಿಂತ ಕಮ್ಮಿ. ಅಂದ್ರೆ ಕೊನೆಗೆ ಏನೋ ಒಂದು ಕೆಲಸ ಹಿಡೀತಾರೆ. ಓದಿದ್ದಕ್ಕೆ ತಕ್ಕ ಕೆಲಸನಾ ಅನ್ನೋದು ಬೇರೆ ಪ್ರಶ್ನೆ. ಆ ನಡುವಿನ ಹತ್ತು ವರ್ಷ ಅವರಿಗೆ ಊಟ ಹಾಕೋರು ಯಾರು? ಅಪ್ಪ ಅಮ್ಮ. ಕೂಲಿ ಮಾಡೋರ ಮನೆ ಹುಡುಗ ಕಾಯೋಕೇ ಆಗಲ್ಲ, ಸಿಕ್ಕಿದ್ದಕ್ಕೆ ಹೋಗ್ತಾನೆ. ಕಾಯೋ ಶಕ್ತಿ ಸ್ವಲ್ಪ ಇರೋದು ಮಧ್ಯಮದೋರಿಗೆ, ಆ ಸ್ವಲ್ಪನೇ ಕರಗ್ತಾ ಇರೋದು.

ಹಳೇ ಹೋರಾಟಗಾರ

ಇದರ ಬೇರು ನಮ್ಮ ರಾಜ್ಯದಲ್ಲೇ ಇದೆ ಅನ್ನೋದು ಮರೀಬೇಡಿ. ಕ್ಯಾಪಿಟೇಷನ್ ಫೀ (ಸೀಟಿಗೆ ಅಂತ ಕೀಳೋ ಡೊನೇಷನ್) ನಿಷೇಧ ಕಾಯ್ದೆ 1984ರಲ್ಲೇ ಬಂತು ಇಲ್ಲಿ. 1989ರಲ್ಲಿ ಸರ್ಕಾರವೇ ಖಾಸಗಿ ಮೆಡಿಕಲ್ ಕಾಲೇಜಿಗೆ ಸರ್ಕಾರಿ ಸೀಟಿಗೆ 2 ಸಾವಿರ, ರಾಜ್ಯದ ಉಳಿದವರಿಗೆ 25 ಸಾವಿರ, ಹೊರಗಿನವರಿಗೆ 60 ಸಾವಿರ ಅಂತ ದರ ಕಟ್ಟಿತ್ತು. ಅದರ ಮೇಲೇ ಮೋಹಿನಿ ಜೈನ್ ಕೇಸು, 1992ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಣ ಹಕ್ಕು ಅಂತ ಹೇಳ್ತು. ಆಮೇಲೆ ಒಂದೊಂದೇ ತೀರ್ಪಲ್ಲಿ ಅದು ಸಡಿಲ ಆಗ್ತಾ ಬಂತು. ನಿಮ್ಮ ದಾವಣಗೆರೆಯ ಯುಬಿಡಿಟಿ 1951ರ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು, ಸುತ್ತಲಿನ ಬಡ ಮಕ್ಕಳಿಗೆ ಆಸರೆ. ಅಲ್ಲೂ ಅರ್ಧ ಸೀಟು ಪೇಮೆಂಟ್ ಸೀಟ್ ಮಾಡಿದ್ರು ಅಂತ 2024ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದಿದ್ದು ನೆನಪಿರಬೇಕು. ಒಂದು ಕಡೆ ಡಿಗ್ರಿ ಇಲ್ದೆ ಕೆಲಸ ಇಲ್ಲ ಅನ್ನೋದು, ಇನ್ನೊಂದು ಕಡೆ ಅಗ್ಗದ ಸೀಟು ಕಮ್ಮಿ ಮಾಡ್ತಾ ಹೋಗೋದು. ಇದು ಮನೆಮನೆಯ ತೀರ್ಮಾನ ಅಂತ ನಾವು ಕೂತು ಲೆಕ್ಕ ಹಾಕ್ತಾ ಇದೀವಿ, ಇದು ಸರ್ಕಾರಕ್ಕೆ ಕೇಳಬೇಕಾದ ಲೆಕ್ಕ.

ಹುಬ್ಬಳ್ಳಿ 2023 ಬ್ಯಾಚ್

ಸರ್ ನೀವು ಹೇಳೂದು ಖರೆ ಐತಿ, ಆದ್ರ ಕಾಕಾಗ ಬುಧವಾರದೊಳಗ ಹೇಳ್ಬೇಕಲ್ರಿ.

ಕಾಕಾ, ಎಲೆಕ್ಟ್ರಿಕಲ್ ಅಂದ್ರ ಕೆಟ್ಟದಲ್ಲ. ಕೆಪಿಟಿಸಿಎಲ್, ಎಸ್ಕಾಂ ಅಂತ ಸರ್ಕಾರಿ ಕರೆಂಟ್ ಕಂಪನಿಗಳ ಇಂಜಿನಿಯರ್ (ಜೆಇ, ಎಇ) ಪರೀಕ್ಷಾ ಬರೀಬಹುದು, ಮತ್ತ ಐಟಿ ಕಂಪನಿಗಳು ಕ್ಯಾಂಪಸ್‌ಗೆ ಬಂದಾಗ ಭಾಳ ಕಡೆ ಬ್ರ್ಯಾಂಚ್ ನೋಡೂದಿಲ್ಲ, ಕೋಡಿಂಗ್ ಬರ್ತೈತೇನು ನೋಡ್ತಾರ. ಮನಿಯಿಂದ ಹೋಗಿ ಬರ್ತಾಳ, ಮನಿ ಊಟ. ಇದು ಸಣ್ಣ ಮಾತಲ್ಲ. ನಾನು ಹಾಸ್ಟೆಲ್‌ನ್ಯಾಗ ಮೊದಲನೇ ಸೆಮಿಸ್ಟರ್ ರಾತ್ರಿ ಊಟ ಬಿಟ್ಟು ರೊಕ್ಕ ಉಳಿಸ್ತಿದ್ದೆ.

ದಾವಣಗೆರೆ ಲೆಕ್ಕದವನು

ಎಲ್ರಿಗೂ ತಿಳಿಸ್ಬೇಕು ಅಂತ ಬಂದೆ. ಮೂರು ದಿನ ಆಯ್ತು ಬರೆಯೋಕೆ ಆಗ್ಲಿಲ್ಲ.

ಉಡುಪಿ ಸಾರ್ ಹೇಳಿದ ಮೇಲೆ ಮಂಗಳವಾರ ಅರ್ಧ ದಿನ ರಜೆ ಹಾಕಿ ಸೈಟಿನ ಕಾಗದ ತಗೊಂಡು ಬ್ಯಾಂಕಿಗೆ ಹೋದೆ. ಪ್ಲಾಸ್ಟಿಕ್ ಕವರ್‌ನಾಗೆ 2014ರಿಂದ ಬೀರುವಿನಾಗೆ ಇಟ್ಟಿದ್ದು, ಹೆಂಡ್ತಿ ಪ್ರತಿ ಆಯುಧಪೂಜೆಗೂ ಅದನ್ನ ತೆಗೆದು ಅರಿಶಿಣ ಹಚ್ಚಿ ಇಡ್ತಾಳೆ. ಆ ಮೇಡಂ ಒಂದೊಂದೇ ಹಾಳೆ ತಿರುವಿ ಹಾಕಿ, ಇದು ಎನ್‌ಎ (ಕೃಷಿಯೇತರ ಭೂಮಿ ಅಂತ ಪರಿವರ್ತನೆ) ಆಗಿಲ್ಲ ಸಾರ್, ರೆವಿನ್ಯೂ ಸೈಟು, ಇ-ಖಾತಾ ಇಲ್ಲ, ಇದರ ಮೇಲೆ ನಾವು ಸಾಲ ಕೊಡೋಕೆ ಆಗಲ್ಲ ಅಂದ್ರು. ತುಂಬಾ ಸಮಾಧಾನವಾಗಿ ಹೇಳಿದ್ರು, ನೀರು ಕೊಟ್ರು. ಹಂಗಾದ್ರೆ ಮಾರೋಣ ಅಂದ್ರೆ ಈಗ ಇ-ಖಾತಾ ಇಲ್ದೆ ರಿಜಿಸ್ಟ್ರೇಷನ್ನೇ ಇಲ್ಲ. ಹನ್ನೊಂದು ವರ್ಷದಿಂದ ನಮಗೊಂದು ಆಸ್ತಿ ಐತೆ ಅಂತ ಧೈರ್ಯದಾಗೆ ಇದ್ವಿ. ಮನೆಗೆ ಬಂದು ಹೆಂಡ್ತಿಗೆ ಹೇಳೋಕೆ ಒಂದು ಗಂಟೆ ಬೇಕಾಯ್ತು ನಂಗೆ.

ರಾತ್ರಿ ಊಟ ಆದ್ಮೇಲೆ ಮಗಳನ್ನ ಕೂರಿಸ್ಕೊಂಡು, ಇಲ್ಲಿ ನೀವೆಲ್ಲಾ ಬರ್ದಿದ್ದನ್ನ ಮೊಬೈಲ್ ಕೊಟ್ಟು ಓದು ಅಂದೆ. ಪೂರ್ತಿ ಓದಿದ್ಳು. ಹಾಸನದ ಅಕ್ಕ ಬರ್ದಿದ್ದು ಎರಡು ಸಲ ಓದಿದ್ಳು. ಆಮೇಲೆ ಎಲೆಕ್ಟ್ರಿಕಲ್‌ನವರಿಗೆ ಕೋಡಿಂಗ್ ಯಾರು ಹೇಳ್ಕೊಡ್ತಾರೆ ಅಂತ ಕೇಳಿದ್ಳು. ನಂಗೆ ಗೊತ್ತಿಲ್ಲ ಅಂದೆ. ಬುಧವಾರ ಬೆಳಿಗ್ಗೆ ಅವಳೇ ಚಾಯ್ಸ್ 1 ಒತ್ತಿದ್ಳು, ಅಂದ್ರೆ ಇಲ್ಲಿನ ಎಲೆಕ್ಟ್ರಿಕಲ್ ಸೀಟೇ ಒಪ್ಕೊಂಡ್ಳು. ಅವಳಿಗೆ ಬೇಜಾರಿಲ್ಲ ಅಂತ ನಾನು ಹೇಳಲ್ಲ, ಬೇಜಾರೈತೆ. ಫ್ರೆಂಡ್ಸ್ ಮೂರು ಜನ ಬೆಂಗಳೂರಿಗೆ ಹೋಗ್ತಿದಾರೆ, ಅವರ ಸ್ಟೇಟಸ್ ನೋಡಿ ಮೊಬೈಲ್ ಮಗುಚಿ ಇಡ್ತಾಳೆ.

ಫೀಸಿಗೆ ಚೀಟಿ ಎತ್ತಿದೆ. ಇನ್ನೂ ಎಂಟು ತಿಂಗಳು ಇತ್ತು, ಕೂಗಿಗೆ ಹೋಗಿದ್ದಕ್ಕೆ 22 ಸಾವಿರ ಕಳೆದು ಕೊಟ್ರು. ಉಳಿದಿದ್ದಕ್ಕೆ ಹೆಂಡ್ತಿಯ ಎರಡು ಬಳೆ ಅಡ ಇಟ್ವಿ. ಶುಕ್ರವಾರ ಅಡ್ಮಿಷನ್ ಆಯ್ತು. ಈಗ ಬಂದಿರೋ ಪ್ರಶ್ನೆ ಅಂದ್ರೆ ಲ್ಯಾಪ್‌ಟಾಪ್. ಸೆಕೆಂಡ್ ಹ್ಯಾಂಡ್ ತಗೊಂಡ್ರೆ ನಾಲ್ಕು ವರ್ಷ ಬರುತ್ತಾ, 15 ಸಾವಿರದೊಳಗೆ ಎಂಥದ್ದು ನೋಡ್ಬೇಕು, ಗೊತ್ತಿರೋರು ಹೇಳಿ.

ಉಡುಪಿ ರಿಟೈರ್ಡ್

ಬಳೆಯ ಬಡ್ಡಿ ಪ್ರತಿ ತಿಂಗಳು ತಪ್ಪದೆ ಕಟ್ಟಿ, ಬಿಟ್ರೆ ಬೆಳೀತದೆ. ಹರಾಜಿನ ನೋಟಿಸ್ ಬರುವ ತನಕ ಬಿಡಬೇಡಿ. ಎರಡನೇ ವರ್ಷಕ್ಕೆ ಸಾಲ ಬೇಕಾದ್ರೆ 4 ಲಕ್ಷದ ಒಳಗೇ ತೆಗೆಯಿರಿ, ಅದಕ್ಕೆ ಜಾಮೀನೂ ಬೇಡ.

ಹುಬ್ಬಳ್ಳಿ 2023 ಬ್ಯಾಚ್

ಕಾಕಾ, ಲ್ಯಾಪ್‌ಟಾಪ್ ಈಗ ತಗೋಬ್ಯಾಡ್ರಿ. ಮೊದಲನೇ ವರ್ಷ ಕಾಲೇಜ್ ಲ್ಯಾಬ್ ಸಾಕಾಗ್ತೈತಿ. ನನ್ನ ಕಡೆ ಫಸ್ಟ್ ಇಯರ್ ಮ್ಯಾಥ್ಸ್ ಪುಸ್ತಕ, ಲ್ಯಾಬ್ ಕೋಟು, ಫಂಕ್ಷನ್ ಕ್ಯಾಲ್ಕುಲೇಟರ್ ಎಲ್ಲಾ ಹಂಗ ಅದಾವ, ಸಿಲೆಬಸ್ ಬದಲಾಗೈತಿ ಆದ್ರ ಮ್ಯಾಥ್ಸ್ ಅದೇ. ಬರೂ ಐತಾರ ಊರಿಗೆ ಹೊಂಟೇನಿ, ದಾವಣಗೆರಿ ಬಸ್ಸಿಗೆ ಪಾರ್ಸಲ್ ಹಾಕ್ತೇನಿ. ಕೋಡಿಂಗ್ ಯಾರು ಹೇಳ್ಕೊಡ್ತಾರ ಅಂತ ತಂಗಿ ಕೇಳಿದ್ಳಲ್ಲ, ಶನಿವಾರ ರಾತ್ರಿ ನಂಗ ಶಿಫ್ಟ್ ಇರೂದಿಲ್ಲ, ಒಂಬತ್ತರ ಮ್ಯಾಲ ಫೋನಿನ್ಯಾಗ ಹೇಳ್ತೇನಿ. ಪೈಥಾನ್‌ನಿಂದ ಚಾಲೂ ಮಾಡೂಣು. ಆಕೀಗೆ ಒಂದು 200 ಪೇಜಿನ ನೋಟ್‌ಬುಕ್ ತಗೊಂಡು ಇಟ್ಕೋ ಅಂತ ಹೇಳ್ರಿ.